ಕೊಟ್ಟದ್ದು ತಲುಪಿತೇ? ಪರಿಹಾರ ಸಾಮಗ್ರಿಯ ಲೆಕ್ಕ ಇಡುವ ಕ್ರಮ

ನೆರೆ ಬಂದರೂ ಭೂಕಂಪವಾದರೂ ಜೈನ ಸಮಾಜದ ಸಂಘ, ಮಂಡಳಿ, ಟ್ರಸ್ಟುಗಳು ಒಂದೆರಡು ದಿನಗಳಲ್ಲೇ ಹಣ, ಧಾನ್ಯ, ಬಟ್ಟೆ, ಔಷಧ ಕೂಡಿಸಿ ಲಾರಿ ಹೊರಡಿಸುತ್ತವೆ. ಬಸದಿಯ ಮುಂದೆ ಲಾರಿಗೆ ಬ್ಯಾನರ್ ಕಟ್ಟಿ ಫೋಟೊ ತೆಗೆಯುವುದೂ ಉಂಟು. ಎಷ್ಟು ಹಣ ಕೂಡಿತು, ಎಷ್ಟು ಲಾರಿ ಹೋದವು ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಆದರೆ ಆ ಸಾಮಗ್ರಿ ಯಾವ ದಿನ, ಯಾರ ಮನೆಗೆ, ಯಾವ ಸ್ಥಿತಿಯಲ್ಲಿ ತಲುಪಿತು, ಅವರಿಗೆ ಅದು ಬೇಕಾಗಿತ್ತೇ ಎಂದು ಕೇಳಿದರೆ ಬಹಳ ಕಡೆ ಉತ್ತರ ಸಿಗುವುದಿಲ್ಲ.

ಜಗತ್ತಿನ ದೊಡ್ಡ ಪರಿಹಾರ ಸಂಸ್ಥೆಗಳಿಗೂ ಇದೇ ಪ್ರಶ್ನೆ ಎದುರಾಗಿದೆ. ಸಾಮಗ್ರಿ ಕೊಳ್ಳುವುದು, ಕಟ್ಟುವುದು, ಸಾಗಿಸುವುದು, ಗೋದಾಮಿನಲ್ಲಿಡುವುದು, ಹಂಚುವುದು, ಇವೆಲ್ಲ ಸೇರಿದ ಸರಬರಾಜು ಸರಪಳಿಯನ್ನು ಅಳೆಯುವ ಕ್ರಮವನ್ನು ಅವು ಕಳೆದ 25 ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕಲಿತಿವೆ. ಆ ಕ್ರಮವೇನು, ಊರಿನ ಒಂದು ಸಣ್ಣ ಸಂಘ ಅದರಿಂದ ಏನನ್ನು ತೆಗೆದುಕೊಳ್ಳಬಹುದು ಎಂಬುದು ಈ ಲೇಖನದ ವಿಷಯ.

ಶಾಸ್ತ್ರದ ನಾಲ್ಕು ಮಾತು

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳು ಜೈನ ಮನೆಯ ಮಕ್ಕಳಿಗೂ ಬಾಯಿಪಾಠ. ದಾನದ ಫಲ ಎಲ್ಲ ಕಡೆ ಒಂದೇ ತೆರನಾಗಿರುವುದಿಲ್ಲ ಎಂಬುದನ್ನು ತತ್ತ್ವಾರ್ಥಸೂತ್ರದ 7ನೇ ಅಧ್ಯಾಯ ಹೇಳುತ್ತದೆ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನದಲ್ಲಿ ವ್ಯತ್ಯಾಸವಾಗುತ್ತದೆ. ಹೇಗೆ ಕೊಟ್ಟರು, ಏನು ಕೊಟ್ಟರು, ಕೊಟ್ಟವರ ಭಾವವೇನು, ಯಾರಿಗೆ ಕೊಟ್ಟರು ಎಂಬ ನಾಲ್ಕನ್ನೂ ನೋಡಬೇಕು ಎಂದಾಯಿತು.

ಅಲ್ಲಿ ಮುಖ್ಯವಾಗಿ ಹೇಳಿರುವುದು ಪಾತ್ರದಾನದ ಮಾತು. ಸಂಕಟದಲ್ಲಿರುವವರಿಗೆ ಜಾತಿ ಮತ ನೋಡದೆ ಕೊಡುವುದು ಕರುಣಾದಾನ. ಜಿನಸೇನಾಚಾರ್ಯರ ಆದಿಪುರಾಣ ಇದನ್ನು ದಯಾದತ್ತಿ ಎಂದು ಕರೆದು ಬೇರೆಯಾಗಿಯೇ ಎಣಿಸಿದೆ. ಆದರೂ ನಾಲ್ಕು ಪ್ರಶ್ನೆಗಳು ಕರುಣಾದಾನಕ್ಕೂ ಹೊಂದುತ್ತವೆ. ಲಾರಿ ಹೊರಟದ್ದು ದಾತೃವಿನ ಭಾಗ. ಉಳಿದ ಮೂರು ಭಾಗ ಲಾರಿ ಹೊರಟ ಮೇಲೆ ಶುರುವಾಗುತ್ತದೆ.

ವ್ಯಾಪಾರಕ್ಕೂ ಪರಿಹಾರಕ್ಕೂ ಇರುವ ಅಂತರ

ಅಂಗಡಿಯಲ್ಲಿ ದುಡ್ಡು ಕೊಡುವವನೂ ಮಾಲು ಒಯ್ಯುವವನೂ ಒಬ್ಬನೇ. ಅಕ್ಕಿಯಲ್ಲಿ ಹುಳು ಬಿದ್ದಿದ್ದರೆ ಗ್ರಾಹಕ ಮರುದಿನವೇ ವಾಪಸು ತಂದು ಗಲ್ಲಾಪೆಟ್ಟಿಗೆಯ ಮುಂದೆ ಸುರಿಯುತ್ತಾನೆ. ಮಾಲು ತಡವಾದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ವ್ಯಾಪಾರಿ ತನ್ನ ತಪ್ಪನ್ನು ತಾನೇ ಹುಡುಕಬೇಕಾಗಿಲ್ಲ, ಗ್ರಾಹಕ ಹುಡುಕಿಕೊಡುತ್ತಾನೆ. ವರ್ಷದ ಕೊನೆಗೆ ಲಾಭನಷ್ಟದ ಲೆಕ್ಕವೂ ಅದನ್ನೇ ಹೇಳುತ್ತದೆ.

ಪರಿಹಾರ ಕೆಲಸದಲ್ಲಿ ದುಡ್ಡು ಕೊಟ್ಟವನು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತಾನೆ. ಮಾಲು ಪಡೆಯುವವನು ಮುಳುಗಿದ ಹಳ್ಳಿಯ ಶಾಲೆಯಲ್ಲಿ ಕುಳಿತಿರುತ್ತಾನೆ. ಕೊಟ್ಟವನು ಮಾಲು ನೋಡುವುದಿಲ್ಲ, ಪಡೆದವನು ದೂರು ಹೇಳುವುದಿಲ್ಲ. ದಾನವಾಗಿ ಬಂದ ಹರಿದ ಸೀರೆಯನ್ನು, ಅವಧಿ ಮುಗಿದ ಮಾತ್ರೆಯನ್ನು ವಾಪಸು ಮಾಡುವ ಧೈರ್ಯ ಎಷ್ಟು ಜನಕ್ಕಿದ್ದೀತು? ಬೇರೆ ಅಂಗಡಿಯೂ ಅವರಿಗಿಲ್ಲ. ಹಾಗಾಗಿ ಇಲ್ಲಿ ದೂರು ಹೇಳುವ ಗ್ರಾಹಕನ ಜಾಗದಲ್ಲಿ ಒಂದು ಲೆಕ್ಕದ ಪುಸ್ತಕವನ್ನು ಇಡಬೇಕಾಗುತ್ತದೆ. ಬಾಯಿಲ್ಲದವರ ಪರವಾಗಿ ಆ ಪುಸ್ತಕ ಮಾತಾಡಬೇಕು. ಅಳತೆ ಬೇಕೆನ್ನುವುದಕ್ಕೆ ಮೂಲ ಕಾರಣ ಇದೇ.

ಅರ್ಮೇನಿಯದಲ್ಲಿ ಹೊರೆಯಾದ ಔಷಧ

1988ರ ಡಿಸೆಂಬರ್ 7ರಂದು ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಅರ್ಮೇನಿಯದಲ್ಲಿ ಭಾರಿ ಭೂಕಂಪವಾಯಿತು. ಜಗತ್ತಿನ ಮೂಲೆಮೂಲೆಯಿಂದ ಔಷಧ ಹರಿದುಬಂತು. ವಿಶ್ವ ಆರೋಗ್ಯ ಸಂಸ್ಥೆ ದಾಖಲಿಸಿರುವಂತೆ ಬಂದ ಔಷಧ ಮತ್ತು ವೈದ್ಯಕೀಯ ಸಾಮಗ್ರಿ 5,000 ಟನ್, ಅದರ ಬೆಲೆ 5.5 ಕೋಟಿ ಡಾಲರ್. ಏನೇನು ಬಂದಿದೆ ಎಂದು ತಿಳಿಯುವುದಕ್ಕೇ 50 ಜನ 6 ತಿಂಗಳು ಕೆಲಸ ಮಾಡಬೇಕಾಯಿತು. ಶೇ. 8ರಷ್ಟು ಔಷಧದ ಅವಧಿ ಬರುವಾಗಲೇ ಮುಗಿದಿತ್ತು. ಶೇ. 4ರಷ್ಟು ಹಿಮಕ್ಕೆ ಸಿಕ್ಕಿ ಹಾಳಾಯಿತು. ಉಳಿದುದರಲ್ಲಿ ತುರ್ತು ಪರಿಸ್ಥಿತಿಗೆ ಒದಗುವಂಥದ್ದು ಶೇ. 42 ಮಾತ್ರ. ಸುಲಭವಾಗಿ ಗುರುತಿಸಬಹುದಾಗಿದ್ದದ್ದು ಶೇ. 30. ಹೆಚ್ಚಿನವುಗಳ ಮೇಲೆ ಕಂಪನಿಯ ಹೆಸರಿತ್ತೇ ಹೊರತು ಔಷಧದ ಸಾಮಾನ್ಯ ಹೆಸರು ಇರಲಿಲ್ಲ.

ಕಳಿಸಿದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದರು. ಟನ್ನಿನ ಲೆಕ್ಕದಲ್ಲಿ ನೋಡಿದರೆ ಅದು ದೊಡ್ಡ ದಾನ. ಗಾಯಾಳುವಿನ ಹಾಸಿಗೆಯ ಪಕ್ಕದಲ್ಲಿ ನಿಂತು ನೋಡಿದರೆ, ವೈದ್ಯರ ಮತ್ತು ಕೆಲಸಗಾರರ ಸಮಯ ತಿಂದ ಹೊರೆ. ಇಂಥ ಅನುಭವಗಳ ನಂತರ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧದಾನಕ್ಕೆ ಮಾರ್ಗಸೂಚಿ ಹೊರಡಿಸಿತು. ಪಡೆಯುವವರು ಕೇಳಿದ್ದನ್ನೇ ಕೊಡಬೇಕು, ಕೊಡುವವರ ದೇಶದಲ್ಲಿ ಬೇಡವೆನಿಸಿದ ಗುಣಮಟ್ಟದ ಔಷಧ ದಾನಕ್ಕೂ ಬೇಡ, ತಲುಪುವಾಗ ಕನಿಷ್ಠ 1 ವರ್ಷದ ಅವಧಿ ಉಳಿದಿರಬೇಕು ಎಂಬುವು ಅದರ ಮುಖ್ಯ ಅಂಶಗಳು. ಮನೆಯಲ್ಲಿ ಉಳಿದ ಅರ್ಧ ಪಟ್ಟಿ ಮಾತ್ರೆಗಳನ್ನು ಪರಿಹಾರದ ಪೆಟ್ಟಿಗೆಗೆ ಹಾಕುವ ಮುನ್ನ ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯೂ ನೆನೆಯಬೇಕಾದ ಮಾತುಗಳು ಇವು.

ಬಟ್ಟೆಯ ಕಥೆಯೂ ಹೀಗೆಯೇ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಹಳೆಯ ಬಟ್ಟೆಗಳ ರಾಶಿ ರಸ್ತೆ ಬದಿಯಲ್ಲಿ ಬಿದ್ದಿತ್ತು. ಮೀನುಗಾರ ಕುಟುಂಬಗಳಿಗೆ ಅವು ಬೇಕಾಗಿರಲಿಲ್ಲ. ಕೂಡಿಸಿದ್ದು, ಕಟ್ಟಿದ್ದು, ಸಾಗಿಸಿದ್ದು ಎಲ್ಲಕ್ಕೂ ಖರ್ಚಾಗಿತ್ತು, ಆಮೇಲೆ ವಿಂಗಡಿಸಿ ತೆಗೆಯುವುದಕ್ಕೆ ಮತ್ತೆ ಖರ್ಚಾಯಿತು.

ಭುಜ್‌ನಿಂದ ಯೋಗ್ಯಕರ್ತಾದವರೆಗೆ

ಸರಪಳಿಯನ್ನು ಅಳೆದು ತಿದ್ದಿಕೊಂಡ ಸಂಸ್ಥೆಗೆ ಒಳ್ಳೆಯ ಉದಾಹರಣೆ ಜಿನೀವಾದಲ್ಲಿ ಕೇಂದ್ರ ಕಚೇರಿ ಇರುವ ರೆಡ್ ಕ್ರಾಸ್ ಮತ್ತು ರೆಡ್ ಕ್ರೆಸೆಂಟ್ ಸಂಘಗಳ ಅಂತಾರಾಷ್ಟ್ರೀಯ ಒಕ್ಕೂಟ.

2001ರ ಜನವರಿ 26ರಂದು ಗುಜರಾತಿನ ಕಛ್‌ನಲ್ಲಿ ಭೂಕಂಪವಾದಾಗ ಚಳಿಗಾಲ. ಮನೆ ಕಳೆದುಕೊಂಡವರಿಗೆ ಮೊದಲು ಬೇಕಾದದ್ದು ಹೊದಿಕೆ ಮತ್ತು ಸೂರು. ಒಕ್ಕೂಟ ಇತರ ಸಂಸ್ಥೆಗಳ ಜೊತೆ ಸೇರಿ 30 ದಿನಗಳಲ್ಲಿ 45 ಬಾಡಿಗೆ ವಿಮಾನಗಳಲ್ಲಿ 2,55,000 ಕಂಬಳಿ, 34,000 ಡೇರೆ, 1,20,000 ಪ್ಲಾಸ್ಟಿಕ್ ಹಾಳೆಗಳನ್ನು ತರಿಸಿತು. ಇದು ಸಾಮಾನ್ಯ ಕೆಲಸವಲ್ಲ. ಆದರೆ ವಿಮಾನದ ಸಾಗಾಟ ದುಬಾರಿ. ದೂರದ ದೇಶಗಳಿಂದ ತರುವ ಬದಲು ಹತ್ತಿರದಲ್ಲೇ ದಾಸ್ತಾನು ಇದ್ದಿದ್ದರೆ ಎಂಬ ಪ್ರಶ್ನೆಯನ್ನು ಇಂಥ ಅನುಭವಗಳು ಎತ್ತಿದವು.

2004ರ ಡಿಸೆಂಬರ್ 26ರ ಸುನಾಮಿ ಮತ್ತು 2005ರ ಅಕ್ಟೋಬರ್ 8ರ ಪಾಕಿಸ್ತಾನ ಭೂಕಂಪ ಆ ಪ್ರಶ್ನೆಯನ್ನು ಇನ್ನೂ ಗಟ್ಟಿ ಮಾಡಿದವು. ಒಕ್ಕೂಟ ದುಬೈ, ಕ್ವಾಲಾಲಂಪುರ, ಪನಾಮಾಗಳಲ್ಲಿ ಪ್ರಾದೇಶಿಕ ಸರಬರಾಜು ಘಟಕಗಳನ್ನು ತೆರೆಯಿತು. 2006ರ ಮೇ 27ರಂದು ಇಂಡೊನೇಷ್ಯಾದ ಯೋಗ್ಯಕರ್ತಾದಲ್ಲಿ 5,700ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಭೂಕಂಪವಾದಾಗ ಕ್ವಾಲಾಲಂಪುರದ ಘಟಕ ಹತ್ತಿರದಲ್ಲೇ ಇತ್ತು. ಖರೀದಿಯಿಂದ ಹಂಚಿಕೆಯವರೆಗಿನ ಪೂರ್ತಿ ಸರಪಳಿ ಓಡಲು ಸುನಾಮಿಯ ಸಮಯದಲ್ಲಿ 18 ದಿನ, ಪಾಕಿಸ್ತಾನದಲ್ಲಿ 10 ದಿನ ಹಿಡಿದಿದ್ದರೆ ಯೋಗ್ಯಕರ್ತಾದಲ್ಲಿ 3 ದಿನ ಸಾಕಾಯಿತು. ಮೂರೂ ದುರಂತಗಳ ವಿಸ್ತಾರ ಒಂದೇ ಅಲ್ಲ, ಸುನಾಮಿ ಹತ್ತಾರು ದೇಶಗಳಿಗೆ ಬಡಿದದ್ದು. ಆ ವ್ಯತ್ಯಾಸವನ್ನು ಬಿಟ್ಟು ನೋಡಿದರೂ ದಾಸ್ತಾನನ್ನು ಮೊದಲೇ ಹತ್ತಿರ ಇಟ್ಟುಕೊಂಡಿದ್ದರ ಫಲ ಕಾಣುತ್ತದೆ.

ವಿಶ್ವಸಂಸ್ಥೆಯೂ ಇದೇ ದಾರಿ ಹಿಡಿದಿದೆ. ವಿಶ್ವ ಆಹಾರ ಕಾರ್ಯಕ್ರಮ ನೋಡಿಕೊಳ್ಳುವ ತುರ್ತು ಗೋದಾಮುಗಳಲ್ಲಿ ಮೊದಲನೆಯದು 2000ದಲ್ಲಿ ಇಟಲಿಯ ಬ್ರಿಂಡಿಸಿಯಲ್ಲಿ ಆರಂಭವಾಯಿತು. ಆಮೇಲೆ ದುಬೈ, ಘಾನಾದ ಅಕ್ರಾ, ಪನಾಮಾ ಮುಂತಾದ ಕಡೆ ಇನ್ನಷ್ಟು ತೆರೆದವು.

ನಾಲ್ಕು ಅಳತೆಗಳು

ಒಕ್ಕೂಟದ ಕೆಲಸವನ್ನೇ ಆಧರಿಸಿ 2006ರಲ್ಲಿ ಅಮೆರಿಕದ ಎಂಐಟಿಯಲ್ಲಿ ನಡೆದ ಒಂದು ಅಧ್ಯಯನ ನಾಲ್ಕು ಅಳತೆಗಳನ್ನು ಸೂಚಿಸಿತು. ಕೇಳಿದ್ದರಲ್ಲಿ ಎಷ್ಟು ಪೂರೈಸಿತು, ದಾನ ಒಪ್ಪಿದ ದಿನದಿಂದ ತಲುಪಿದ ದಿನದವರೆಗೆ ಎಷ್ಟು ದಿನವಾಯಿತು, ಹಣ ಎಷ್ಟು ಮಿತವಾಗಿ ಖರ್ಚಾಯಿತು, ಮೊದಲು ಮಾಡಿದ ಅಂದಾಜು ಎಷ್ಟು ಸರಿಯಾಗಿತ್ತು ಎಂಬುವೇ ಆ ನಾಲ್ಕು. ಒಂದು ಊಹೆಯ ಲೆಕ್ಕದಿಂದ ಇದನ್ನು ತಿಳಿಯಬಹುದು.

ನೆರೆ ಬಂದ ಕೆಲವು ಹಳ್ಳಿಗಳಿಗೆ 1,000 ಕುಟುಂಬ ಕಿಟ್ ಬೇಕೆಂದು ಒಂದು ಸಂಘ ಅಂದಾಜು ಮಾಡಿತು ಎಂದುಕೊಳ್ಳೋಣ. ದಾನಿಗಳಿಂದ 900 ಕಿಟ್ ಕೂಡಿದವು. ಹಂಚಿದ್ದು 3ನೇ ದಿನದ ಹೊತ್ತಿಗೆ 200, 7ನೇ ದಿನಕ್ಕೆ ಒಟ್ಟು 600, 15ನೇ ದಿನಕ್ಕೆ ಒಟ್ಟು 850.

ಮೊದಲನೆಯ ಅಳತೆ ಪೂರೈಕೆ. ದಾನ ಕೂಡಿದ್ದು ಶೇ. 90. ಆದರೆ ಮನೆಗೆ ತಲುಪಿದ್ದು 7ನೇ ದಿನಕ್ಕೆ ಶೇ. 60, 15ನೇ ದಿನಕ್ಕೆ ಶೇ. 85. ವರದಿಯಲ್ಲಿ ಶೇ. 90 ಎಂದು ಬರೆದರೆ ಅದು ದಾನಿಗಳ ಸಾಧನೆ, ಹಂಚಿಕೆಯ ಸಾಧನೆ ಅಲ್ಲ. ಎರಡನ್ನೂ ಬೇರೆ ಬೇರೆ ಬರೆಯಬೇಕು.

ಎರಡನೆಯದು ದಿನಗಳು. ಇಲ್ಲಿ ಒಟ್ಟು ದಿನಕ್ಕಿಂತ ತಡ ಎಲ್ಲಿ ಆಯಿತು ಎಂಬುದು ಮುಖ್ಯ. ಖರೀದಿಗೆ ಎಷ್ಟು ದಿನ, ಕಿಟ್ ಕಟ್ಟಲು ಎಷ್ಟು, ದಾರಿಯಲ್ಲಿ ಎಷ್ಟು, ಇಳಿಸಿದ ಮೇಲೆ ಗೋದಾಮಿನಲ್ಲಿ ಎಷ್ಟು? ಲಾರಿ ಒಂದೇ ರಾತ್ರಿಯಲ್ಲಿ ಹೋಗಿ, ಮಾಲು ನಾಲ್ಕು ದಿನ ಕಲ್ಯಾಣ ಮಂಟಪದಲ್ಲಿ ಬಿದ್ದಿದ್ದರೆ ಇನ್ನೊಂದು ಲಾರಿ ಕಳಿಸಿ ಪ್ರಯೋಜನವಿಲ್ಲ. ಹಂಚುವ ಜನ, ಟ್ರ್ಯಾಕ್ಟರ್, ದೋಣಿ ಬೇಕು.

ಮೂರನೆಯದು ಹಣ. ಕಿಟ್ಟಿಗೆ 1,200 ರೂಪಾಯಿ ಅಂದಾಜಿಸಿ 1,260 ಖರ್ಚಾದರೆ ಶೇ. 5 ಹೆಚ್ಚು. ಲಾರಿ ಬಾಡಿಗೆ, ಹಮಾಲಿ, ಗೋದಾಮು ಸೇರಿ 76,500 ರೂಪಾಯಿ ಆಗಿದ್ದರೆ, ತಲುಪಿದ 850 ಕಿಟ್ಟಿಗೆ ಹಂಚಿದಾಗ ತಲಾ 90 ರೂಪಾಯಿ. ಹೊರಟ ಕಿಟ್ಟಿಗೆ ಹಂಚದೆ ತಲುಪಿದ ಕಿಟ್ಟಿಗೆ ಹಂಚುವುದೇ ಸರಿಯಾದ ಕ್ರಮ. ಸಾಗಾಟಕ್ಕೆ ಖರ್ಚು ಮಾಡುವುದು ದಾನದ ಹಣ ಪೋಲು ಮಾಡಿದಂತೆ ಎಂದು ಕೆಲವರು ಭಾವಿಸುತ್ತಾರೆ. ಪರಿಹಾರ ಕಾರ್ಯದ ಖರ್ಚಿನಲ್ಲಿ ಹೆಚ್ಚಿನ ಪಾಲು ಸರಬರಾಜಿಗೇ ಹೋಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪುವ ಮಾತು. ಸಾಗಾಟವೂ ದಾನದ ಅಂಗವೇ.

ನಾಲ್ಕನೆಯದು ಅಂದಾಜು. ಹತ್ತು ದಿನ ಕಳೆದು ಮನೆಮನೆ ಎಣಿಸಿದಾಗ ನಿಜವಾಗಿ ಕಿಟ್ ಬೇಕಾಗಿದ್ದ ಕುಟುಂಬಗಳು 880 ಎಂದು ತಿಳಿಯಿತು ಎಂದುಕೊಳ್ಳೋಣ. ಅಂದರೆ ಅಂದಾಜು 120 ಹೆಚ್ಚಾಗಿತ್ತು, ಶೇ. 12ರ ತಪ್ಪು. ಅವಸರದಲ್ಲಿ ಇಷ್ಟು ತಪ್ಪು ಸಹಜ. ಮುಂದಿನ ಬಾರಿಗೆ ಅದನ್ನು ಬರೆದಿಟ್ಟುಕೊಳ್ಳದಿರುವುದು ತಪ್ಪು.

ಈಗ ಉಳಿದ ಲೆಕ್ಕ ನೋಡಿ. ಕೂಡಿದ 900ರಲ್ಲಿ ಹಂಚಿದ್ದು 850. ಉಳಿದ 50ರಲ್ಲಿ 20 ಮಳೆಗೆ ನೆನೆದು ಹಾಳಾದವು, 30 ಗೋದಾಮಿನಲ್ಲಿವೆ. ಬೇಕಾಗಿದ್ದ 880 ಕುಟುಂಬಗಳಲ್ಲಿ ಸಿಗದೆ ಉಳಿದವರೂ 30. ಒಂದು ಕಡೆ ಮಾಲು ಇದೆ, ಇನ್ನೊಂದು ಕಡೆ ಅದೇ ಮಾಲಿಗೆ ಕಾದ ಮನೆಗಳಿವೆ. ಪುಸ್ತಕ ಇಲ್ಲದಿದ್ದರೆ ಈ ಎರಡೂ 30 ಒಂದನ್ನೊಂದು ನೋಡುವುದೇ ಇಲ್ಲ. ಸಂಘ ಕೆಲಸ ಮುಗಿಯಿತೆಂದು ಮಂಗಲ ಹಾಡಿರುತ್ತದೆ.

ಎಷ್ಟು ಇದ್ದರೆ ಸಾಕು?

ಅಂದಾಜು ಮಾಡಲು ಒಂದು ಮಾನದಂಡ ಬೇಕು. 1997ರಲ್ಲಿ ಹಲವು ಪರಿಹಾರ ಸಂಸ್ಥೆಗಳು ಸೇರಿ ಆರಂಭಿಸಿದ ಸ್ಫಿಯರ್ ಮಾನದಂಡಗಳು ಇಂದು ಎಲ್ಲ ಕಡೆ ಬಳಕೆಯಲ್ಲಿವೆ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 2,100 ಕ್ಯಾಲೊರಿ ಆಹಾರ, ವಾಸಕ್ಕೆ 3.5 ಚದರ ಮೀಟರ್ ಜಾಗ, 20 ಜನಕ್ಕೆ ಒಂದು ಶೌಚಾಲಯ ಎಂದು ಅವು ಹೇಳುತ್ತವೆ. 400 ಜನರಿರುವ ಪರಿಹಾರ ಕೇಂದ್ರಕ್ಕೆ ದಿನಕ್ಕೆ 6,000 ಲೀಟರ್ ನೀರು, 20 ಶೌಚಾಲಯ ಬೇಕೆಂದು ಯಾರೂ ನಿಂತ ಜಾಗದಲ್ಲೇ ಲೆಕ್ಕ ಹಾಕಬಹುದು. ಅಲ್ಲಿಗೆ ಬಿಸ್ಕತ್ತಿನ ಪೆಟ್ಟಿಗೆಗಳೇ ಬಂದು ಬೀಳುತ್ತಿದ್ದು ನೀರಿನ ಟ್ಯಾಂಕರ್ ಬರದಿದ್ದರೆ ಕೊರತೆ ಎಲ್ಲಿದೆ ಎಂಬುದು ಕೂಡಲೇ ತಿಳಿಯುತ್ತದೆ.

ಅಳತೆಯೂ ದಾರಿ ತಪ್ಪಿಸಬಲ್ಲದು

ಒಂದೇ ಅಳತೆಯ ಬೆನ್ನು ಹತ್ತಿದರೆ ಉಳಿದವು ಕೆಡುತ್ತವೆ. ವೇಗವೊಂದನ್ನೇ ನೋಡಿದರೆ ಖರ್ಚು ಏರುತ್ತದೆ. ಖರ್ಚನ್ನೇ ಹಿಡಿದರೆ ಕಂಬಳಿ ಚಳಿ ಕಳೆದ ಮೇಲೆ ಬರುತ್ತದೆ. ಕಿಟ್ಟುಗಳ ಸಂಖ್ಯೆಯನ್ನೇ ಎಣಿಸಿದರೆ ಡಾಂಬರು ರಸ್ತೆಯ ಪಕ್ಕದ ಊರಿಗೆ ಮೂರು ಸಂಘಗಳ ಕಿಟ್ ಸಿಕ್ಕಿ, ಒಳಗಿನ ತೋಟದ ಮನೆಗಳಿಗೆ ಒಂದೂ ಸಿಗುವುದಿಲ್ಲ. ಸಂಖ್ಯೆ ಮಾತ್ರ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಊರುವಾರು, ಕುಟುಂಬವಾರು ಲೆಕ್ಕ ಬೇಕು.

ಸರಾಸರಿಯನ್ನೂ ನಂಬಿ ಕೂರಬಾರದು. ಹೆಚ್ಚಿನ ಮನೆಗಳಿಗೆ ಬೇಗ ತಲುಪಿದಾಗ ಸರಾಸರಿ ದಿನ ಕಡಿಮೆಯಾಗಿ ಕಾಣುತ್ತದೆ. ಕೊನೆಯ ಮನೆಗೆ ಯಾವ ದಿನ ತಲುಪಿತು ಎಂದು ಬೇರೆಯಾಗಿ ಬರೆದರೆ ಮುದುಕರು, ವಿಧವೆಯರು, ಗುಡಿಸಲಿನವರು ಎಷ್ಟು ಕಾದರೆಂಬುದು ಗೊತ್ತಾಗುತ್ತದೆ.

ಕೆಲವು ಫಲಗಳನ್ನು ಕಿಟ್ಟಿನಿಂದ ಅಳೆಯಲಾಗದು. 1993ರ ಸೆಪ್ಟೆಂಬರ್ 30ರ ಲಾತೂರ್ ಭೂಕಂಪದ ನಂತರ ಭಾರತೀಯ ಜೈನ ಸಂಘಟನೆ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆತಂದು ಓದಿಸುವ ಹೊಣೆ ಹೊತ್ತಿತು. ಇಂಥ ಕೆಲಸದ ಅಳತೆ ಮೊದಲ ವಾರದಲ್ಲಿ ಸಿಗುವುದಿಲ್ಲ. ಎಷ್ಟು ಮಕ್ಕಳು ಓದು ಮುಗಿಸಿದರು ಎಂದು ವರ್ಷಗಟ್ಟಲೆ ನೋಡಬೇಕು.

ಸಂಘಗಳು ಮಾಡಬಹುದಾದದ್ದು

ಕೃಷ್ಣಾ ತೀರದ ಅಥಣಿ, ಚಿಕ್ಕೋಡಿ, ರಾಯಬಾಗ, ಜಮಖಂಡಿ ಕಡೆ ಜೈನ ಕೃಷಿಕ ಕುಟುಂಬಗಳು ಬಹಳ. 2005, 2019, 2021ರಲ್ಲಿ ಈ ಭಾಗ ನೆರೆ ಕಂಡಿದೆ. ಪಡೆಯುವವರಲ್ಲೂ ಕೊಡುವವರಲ್ಲೂ ಸಮಾಜದವರಿದ್ದಾರೆ. ಭೂಕಂಪದಂತೆ ನೆರೆ ಹೇಳದೆ ಬರುವುದಲ್ಲ. ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬಿಟ್ಟ ಸುದ್ದಿ ಮೊದಲೇ ಸಿಗುತ್ತದೆ. ಹಾಗಾಗಿ ದುಬೈ, ಕ್ವಾಲಾಲಂಪುರದವರು ಮಾಡಿದ್ದನ್ನು ತಾಲ್ಲೂಕು ಮಟ್ಟದಲ್ಲಿ ಮಾಡಲು ಸಾಧ್ಯ. ಮಳೆಗಾಲಕ್ಕೆ ಮುನ್ನ ಎತ್ತರದ ಊರಿನ ಒಂದು ಸಮುದಾಯ ಭವನದಲ್ಲಿ ತಾಡಪಾಲು, ಕಂಬಳಿ, ನೀರಿನ ಡ್ರಮ್, ಪಾತ್ರೆಗಳನ್ನು ಇಡಬಹುದು. ಧಾನ್ಯವನ್ನು ಮಾತ್ರ ಕೂಡಿಡದೆ, ಬೇಕಾದಾಗ ನಿಗದಿತ ದರಕ್ಕೆ ಕೊಡುವಂತೆ ಹತ್ತಿರದ ವ್ಯಾಪಾರಿಗಳ ಜೊತೆ ಮೊದಲೇ ಮಾತಾಡಿಕೊಳ್ಳುವುದು ಮೇಲು.

ಇದರಲ್ಲಿ ಅಹಿಂಸೆಯ ಮಾತೂ ಇದೆ. ಕೂಡಿಟ್ಟ ಧಾನ್ಯದಲ್ಲಿ ನುಸಿ, ಹುಳು ಹುಟ್ಟುತ್ತವೆ. ಹಂಚದೆ ಉಳಿದ ಅಡುಗೆ ಕೊಳೆಯುತ್ತದೆ. ಹಾಳಾದ ಔಷಧ ನೀರಿಗೆ ಸೇರುತ್ತದೆ. ಪ್ರಮಾದದಿಂದ ಆಗುವ ಜೀವಹಾನಿಯನ್ನು ಶಾಸ್ತ್ರ ಹಿಂಸೆ ಎಂದೇ ಎಣಿಸುತ್ತದೆ. ಮನೆಯಲ್ಲಿ ಕಾಳನ್ನು ಶೋಧಿಸಿ ಅಡುಗೆಗೆ ಇಡುವ ಎಚ್ಚರ ಲಾರಿಗೆ ತುಂಬುವ ಚೀಲದಲ್ಲೂ ಇರಬೇಕು.

ಲೆಕ್ಕಕ್ಕೆ ಕಂಪ್ಯೂಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಒಂದು ಉದ್ದದ ರಿಜಿಸ್ಟರ್ ಸಾಕು. ಅದರಲ್ಲಿ ಈ ಕಲಂಗಳಿರಲಿ:

1. ಯಾವ ಊರು, ಎಷ್ಟು ಕುಟುಂಬ, ಏನು ಬೇಕೆಂದು ಯಾರು ಹೇಳಿದರು, ಯಾವ ದಿನ.
2. ದಾನವಾಗಿ ಒಪ್ಪಿದ್ದು ಎಷ್ಟು, ಕೈಗೆ ಬಂದದ್ದು ಎಷ್ಟು.
3. ಲಾರಿಗೆ ತುಂಬಿದ ದಿನ ಮತ್ತು ಎಣಿಕೆ.
4. ಇಳಿಸಿದ ದಿನ ಮತ್ತು ಎಣಿಕೆ. ತುಂಬಿದವರೇ ಇಳಿಸಿ ಎಣಿಸಬಾರದು, ಬೇರೆಯವರು ಎಣಿಸಲಿ.
5. ಹಂಚಿದ ದಿನ, ಊರು, ಕುಟುಂಬ, ಪಡೆದವರ ಸಹಿ ಅಥವಾ ಹೆಬ್ಬೆಟ್ಟು.
6. ಹಾಳಾದದ್ದು, ಉಳಿದದ್ದು, ಉಳಿದದ್ದನ್ನು ಏನು ಮಾಡಲಾಯಿತು.
7. ಸಾಗಾಟ, ಹಮಾಲಿ, ಬಾಡಿಗೆಯ ಖರ್ಚು.

ಹೊರಟದ್ದು, ಇಳಿದದ್ದು, ಹಂಚಿದ್ದು, ಈ ಮೂರು ಎಣಿಕೆಗಳನ್ನು ದಿನ ರಾತ್ರಿ ಪಕ್ಕಪಕ್ಕ ಇಟ್ಟು ನೋಡುವವರು ಒಬ್ಬರು ಇರಬೇಕು. ಹಂಚಿದ ಹದಿನೈದು ದಿನಕ್ಕೆ ಕಾರ್ಯಕರ್ತರಿಬ್ಬರು ಬ್ಯಾನರ್, ಕ್ಯಾಮೆರಾ ಇಲ್ಲದೆ ಹತ್ತಿಪ್ಪತ್ತು ಮನೆಗಳಿಗೆ ಹೋಗಿ, "ಬಂದದ್ದರಲ್ಲಿ ಯಾವುದು ಉಪಯೋಗವಾಯಿತು, ಯಾವುದು ಆಗಲಿಲ್ಲ, ಏನು ಬೇಕಾಗಿತ್ತು?" ಎಂದು ಕೇಳಿ ಬರೆದುಕೊಳ್ಳಲಿ. ವಾಪಸು ಮಾಡಲಾಗದ ಗ್ರಾಹಕನ ದೂರು ಕೇಳುವ ದಾರಿ ಇದೊಂದೇ. ಸಂಘದ ವಾರ್ಷಿಕ ಸಭೆಯಲ್ಲಿ ಜಮಾಖರ್ಚಿನ ಜೊತೆ ಈ ಪುಟಗಳನ್ನೂ ಓದಿದರೆ ದಾನಿಗಳ ವಿಶ್ವಾಸವೂ ಬೆಳೆಯುತ್ತದೆ.

ಎಣಿಸಿ ಕೊಡುವುದು ಜೈನ ಪರಂಪರೆಗೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಪ್ರತಿ ಮಾಡಿಸಿ ಹಂಚಿದ್ದು 1,000 ಎಂಬ ಲೆಕ್ಕ ಇಂದಿಗೂ ಉಳಿದು ಬಂದಿದೆ. ಓಲೆಗರಿಯ ಕಾಲದಲ್ಲಿ ಪ್ರತಿಯೊಂದು ಪ್ರತಿಯನ್ನೂ ಕೈಯಲ್ಲಿ ಬರೆಯಿಸಿ, ಅದನ್ನು ಓದಿ ಕಾಪಾಡುವವರ ಕೈಗೆ ಮುಟ್ಟಿಸಬೇಕಿತ್ತು. ಬರೆಯಿಸಿದ್ದು ಎಷ್ಟು ಮುಖ್ಯವೋ ಮುಟ್ಟಿಸಿದ್ದೂ ಅಷ್ಟೇ ಮುಖ್ಯ. ಮುಂದಿನ ಮಳೆಗಾಲಕ್ಕೆ ಮೊದಲು ಪ್ರತಿ ಸಂಘವೂ ಒಂದು ರಿಜಿಸ್ಟರ್ ಕೊಂಡು, ಅದನ್ನು ಬರೆಯುವವರು ಯಾರೆಂದು ಸಭೆಯಲ್ಲೇ ತೀರ್ಮಾನಿಸಿಕೊಳ್ಳಲಿ.

ಜೈ ಜಿನೇಂದ್ರ.